ಎಂಟು ನಿಮಿಷಗಳ ರೋಗಿ

ಬ್ರಿಟನ್ನಿನಲ್ಲಿ ವೃತ್ತಿ ಕೈಕೊಳ್ಳಬಯಸುವ ಪರದೇಶದ ವೈದ್ಯರಲ್ಲಿ ಬಹುಮಂದಿ ‘ಪ್ಲಾಬ್’ ಪರೀಕ್ಷೆಯನ್ನು ದಾಟಬೇಕು. ಲಿಖಿತ ಭಾಗದಲ್ಲಿ ಗೆದ್ದವರಿಗೆ ಎರಡನೆಯ ಭಾಗ ಮ್ಯಾಂಚೆಸ್ಟರಿನಲ್ಲಿ. ಅಲ್ಲಿ 16 ಪ್ರಸಂಗಗಳು. ಒಂದೊಂದಕ್ಕೂ 8 ನಿಮಿಷ. ಒಳಗೆ ಕಾದಿರುವ ರೋಗಿ ಅನೇಕ ವೇಳೆ ನಟ, ಪಕ್ಕದಲ್ಲಿ ಪರೀಕ್ಷಕ. ಸೋತರೆ ಮತ್ತೆ ಶುಲ್ಕ, ಮತ್ತೆ ಪ್ರಯಾಣ.

ನಮ್ಮ ಜಿಲ್ಲಾಸ್ಪತ್ರೆಗಳ ಜನಜಂಗುಳಿಯಲ್ಲಿ ನುರಿತವರೂ ಇಲ್ಲಿ ತಡವರಿಸುವುದುಂಟು. “ಎಲ್ಲಿ ನೋವು? ಎಷ್ಟು ದಿನದಿಂದ?” ಎಂದು ಕೇಳಿ ಚೀಟಿ ಬರೆದುಕೊಟ್ಟರೆ ಸಾಲದು. ರೋಗ ಪರಿಶೀಲನೆಗೂ ಚಿಕಿತ್ಸೆಗೂ ಅಂಕವಿರುವಂತೆ, ರೋಗಿಯೊಡನೆ ನಡೆದುಕೊಂಡ ರೀತಿಗೂ ಅಂಕವುಂಟು. ಆದುದರಿಂದ ಅಭ್ಯರ್ಥಿಗಳು ಗೆಳೆಯರನ್ನೇ ರೋಗಿಗಳನ್ನಾಗಿ ಕೂರಿಸಿ, ಗಡಿಯಾರವನ್ನು ಎದುರಿಗಿಟ್ಟು, ಸಾವಿನ ಸುದ್ದಿಯನ್ನು ತಿಳಿಸುವ ಬಗೆಯನ್ನೂ ಅಭ್ಯಾಸಮಾಡುತ್ತಾರೆ. ಮಾತು ನಿಲ್ಲಿಸಿ, ದುಃಖಿಸುವವರಿಗೆ ಅರೆಗಳಿಗೆ ಬಿಡುವು ಕೊಡುವುದೇ ಅದರಲ್ಲಿ ಕಠಿನವಾದ ಪಾಠ.

ಅಲ್ಲಿಯ ಕಣ್ಣೀರು ನಟನದಾದರೂ, ಆ ಪಾಠ ಮುಂದೆ ನಿಜವಾದ ರೋಗಿಗೆ ಸಲ್ಲುತ್ತದೆ.