ಬಂಡಿಯ ಮುಂದೆ ನಿಂತಾಗ ಏನು ನೋಡಬೇಕು?

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ತಾಯಿಯೊಬ್ಬರು ಎಂಟು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ರಾತ್ರಿಯಿಡೀ ವಾಂತಿ, ಭೇದಿ. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಒಣಗಿತ್ತು. "ಬ್ಯಾಡ ಅಂದ್ರೂ ಜಾತ್ರ್ಯಾಗ ಮಿರ್ಚಿ ತಿಂದಾನ್ರಿ ಸಾಹೇಬ್ರ, ಅದಕ್ಕ ಹಿಂಗ ಆಗ್ಯಾದ" ಎಂದರು. ವಿಚಾರಿಸಿದಾಗ, ಹುಡುಗ ಐಸ್ ಹಾಕಿದ ಶರಬತ್ತನ್ನೂ ಎರಡು ಗ್ಲಾಸ್ ಕುಡಿದಿದ್ದ. ಕಾದ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿಗಿಂತ ಆ ಶರಬತ್ತಿನ ಮೇಲೆಯೇ ನನ್ನ ಅನುಮಾನ. ಸಲೈನ್ ಹಚ್ಚಿದ ಮೇಲೆ ಸಂಜೆಗೆ ಚೇತರಿಸಿಕೊಂಡ. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು.

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಎಲ್ಲೇ ಹೋಗಿ, ಸಂಜೆಯಾದರೆ ಮಿರ್ಚಿಯ ಘಮ. ವಾಡಿ ಜಂಕ್ಷನ್‌ನಲ್ಲಿ ರೈಲು ಬದಲಿಸುವವರು, ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬರುವವರು, ಸಂತೆಗೆ ಬಂದವರು ಎಲ್ಲರಿಗೂ ಬಂಡಿಯೇ ಗತಿ. "ಹೊರಗಿನದು ತಿನ್ನಲೇಬೇಡಿ" ಎಂದರೆ ಯಾರೂ ಕೇಳುವುದಿಲ್ಲ. ಮೊರಾಕ್ಕೊ ದೇಶದ ಮರ್ರಾಕೆಶ್ ನಗರದಲ್ಲಿ ಸ್ಥಳೀಯ ಮಾರ್ಗದರ್ಶಿಗಳು ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ, ಯಾವ ಅಂಗಡಿಯಲ್ಲಿ ಏನು ತಿನ್ನಬೇಕೆಂದು ತೋರಿಸುತ್ತಾರೆ. ಇಂದು ನಮ್ಮೂರ ಬಂಡಿಗಳಿಗೆ ನಾನೇ ಮಾರ್ಗದರ್ಶಿ ಎಂದುಕೊಳ್ಳಿ.

ಮೊದಲು ಬಿಸಿ ನೋಡಿ

ಕುದಿಯುವ ಚಹಾ, ಎದುರಿಗೇ ಕರಿದ ಮಿರ್ಚಿ, ಹಬೆಯಾಡುವ ಇಡ್ಲಿ ಇವುಗಳಲ್ಲಿ ರೋಗಾಣು ಉಳಿಯುವುದು ಕಷ್ಟ. ಆದರೆ ಮಾಡಿಟ್ಟ ತಿಂಡಿ ಆರಿದಂತೆ ರೋಗಾಣುಗಳು ಬೆಳೆಯತೊಡಗುತ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂತಹ ಸೆಖೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟ ತಿಂಡಿ ಬೇಡ. ಜನ ಹೆಚ್ಚಿರುವ ಬಂಡಿಯಲ್ಲಿ ತಿಂಡಿ ಬೇಗ ಖಾಲಿಯಾಗುತ್ತದೆ, ಹೊಸದು ಸಿಗುತ್ತದೆ.

ನಂತರ ನೀರು ನೋಡಿ

ಸುಸಲಾ ನಮ್ಮವರ ಅಚ್ಚುಮೆಚ್ಚು. ಚುರುಮುರಿಯನ್ನು ನೀರಿನಲ್ಲಿ ನೆನೆಸಿ, ಕೈಯಿಂದ ಹಿಂಡಿ, ಒಗ್ಗರಣೆಗೆ ಹಾಕುತ್ತಾರೆ. ಆ ನೀರು ಎಲ್ಲಿಯದು, ಆ ಕೈ ತೊಳೆದದ್ದೇ? ಒಗ್ಗರಣೆಯ ಬಿಸಿ ಎಲ್ಲ ರೋಗಾಣುಗಳನ್ನೂ ಕೊಲ್ಲಲಾರದು. ಪಾನಿಪೂರಿಯ ಪಾನಿ, ತೆಳು ಚಟ್ನಿ, ಹೆಚ್ಚಿಟ್ಟ ಹಸಿ ಉಳ್ಳಾಗಡ್ಡಿ, ಕಬ್ಬಿನ ಹಾಲಿಗೆ ಹಾಕುವ ಐಸ್ ಇವುಗಳದ್ದೂ ಇದೇ ಕಥೆ. ತಂಪಿನಲ್ಲಿ ರೋಗಾಣು ಸಾಯುವುದಿಲ್ಲ. ಟೈಫಾಯಿಡ್ ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ನಂತರ, ಕಾಮಾಲೆ ತರುವ ಹೆಪಟೈಟಿಸ್ 'ಎ' ಎರಡರಿಂದ ಏಳು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ನಾವು ತಿಂದದ್ದನ್ನೇ ಮರೆತಿರುತ್ತೇವೆ.

ಎಣ್ಣೆ, ಬಣ್ಣ, ಕಾಗದ

ಕಪ್ಪಾಗಿ, ಹೊಗೆಯಾಡುವ ಎಣ್ಣೆಯಲ್ಲಿ ಕರಿದದ್ದನ್ನು ಬಿಡಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಕಣ್ಣು ಕುಕ್ಕುವ ಕೆಂಪು ಕಂಡರೆ ಮುಂದೆ ನಡೆಯಿರಿ. ಮುದ್ರಣದ ಶಾಯಿ ಎಣ್ಣೆಗೆ ಅಂಟುತ್ತದೆ, ಆದ್ದರಿಂದ ಪತ್ರಿಕೆಯಲ್ಲಿ ಕಟ್ಟಿದ ಮಿರ್ಚಿಯೂ ಬೇಡ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಈ ಪತ್ರಿಕೆ ಓದುವುದಕ್ಕಷ್ಟೇ ಇರಲಿ!

ರಕ್ತದೊತ್ತಡ, ಹೃದ್ರೋಗ, ಆಮ್ಲಪಿತ್ತ ಇರುವವರಿಗೆ ಕರಿದ, ಉಪ್ಪು-ಖಾರದ ತಿಂಡಿ ಅಪರೂಪಕ್ಕೊಮ್ಮೆ ಸಾಕು. ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳಿಗೆ ಹಸಿಯಾದ ಮತ್ತು ಆರಿದ ತಿಂಡಿ ಬೇಡವೇ ಬೇಡ.

ಭೇದಿಯಾದರೆ

ಓ.ಆರ್.ಎಸ್. ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ತುಂಬಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ. ಉಪ್ಪು ಹೆಚ್ಚಾಗಬಾರದು. ಪ್ರತಿ ಭೇದಿಯ ನಂತರ ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಿ. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿಯೇ ಕೊಡಬೇಡಿ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಜೋರು ಜ್ವರ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಬೆಳಗಾಗಲಿ ಎಂದು ಕಾಯಬೇಡಿ.

ಆ ಹುಡುಗ ಮನೆಗೆ ಹೊರಟಾಗ, "ಇನ್ನ ಮಿರ್ಚಿ ತಿನ್ನಬಾರದೇನ್ರಿ?" ಎಂದು ಕೇಳಿದ. "ಹೊಟ್ಟೆ ಸರಿಹೋದ ಮೇಲೆ ಬಿಸಿದು ತಿನ್ನು, ನೀರು ಮನೆಯದು ಕುಡಿ" ಎಂದೆ. ನಿಮಗೂ ನನ್ನ ಸಲಹೆ ಅದೇ.