ಹೊಡೆದ ಕಾಯಿ ಮತ್ತೆ ಹಲಗೆಗೆ

ಅಣ್ಣಿಗೇರಿಯ ಹುಡುಗನೊಬ್ಬ ಮೊಬೈಲಿನಲ್ಲಿ ಚೆಸ್ ಆಡಿ ಸೋತರೆ, ತಪ್ಪಿದ್ದೆಲ್ಲಿ ಎಂದು ಸ್ಟಾಕ್‌ಫಿಶ್ ಎಂಬ ಉಚಿತ ಪ್ರೋಗ್ರಾಮು ತಕ್ಷಣ ತೋರಿಸುತ್ತದೆ. ಆ ಜಾಣ್ಮೆಯ ಒಂದು ದೊಡ್ಡ ಪಾಲು ಬಂದದ್ದು ಜಪಾನಿನ ಚೆಸ್ ಆದ ಶೋಗಿಯಿಂದ.

ಎರಡೂ ನಮ್ಮ ಚತುರಂಗದ ವಂಶದವೇ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚತುರಂಗವನ್ನು ವಿವರಿಸಿದ. ಅವನ ಮೊಮ್ಮಗ ನಾಲ್ಕನೇ ಸೋಮೇಶ್ವರ ಆಳಿದ್ದು ಇದೇ ಅಣ್ಣಿಗೇರಿಯಿಂದ.

ಶೋಗಿಯ ಹಲಗೆಗೆ 81 ಮನೆ, ಒಬ್ಬೊಬ್ಬರಿಗೆ 20 ಕಾಯಿ. ಕಾಯಿಗಳಲ್ಲಿ ಕಪ್ಪು-ಬಿಳುಪಿನ ಭೇದವಿಲ್ಲ. ಎಲ್ಲವೂ ಐದು ಮೂಲೆಯ ಚಪ್ಪಟೆ ಮರದ ತುಂಡುಗಳು. ಮೊನೆ ಯಾರತ್ತ ಇದೆಯೋ ಅವರಿಗೆ ಅದು ವೈರಿ. ಹೊಡೆದ ಕಾಯಿಯನ್ನು ಕೈಯಲ್ಲಿಟ್ಟುಕೊಂಡು, ಬೇಕಾದಾಗ ಮೊನೆ ತಿರುಗಿಸಿ ಖಾಲಿ ಮನೆಯಲ್ಲಿ ಇಳಿಸಬಹುದು. ವೈರಿಯ ಕುದುರೆ ನಮ್ಮ ಲಾಯ ಸೇರಿತು! ಹೀಗಾಗಿ ಹಲಗೆ ಬರಿದಾಗುವುದೇ ಇಲ್ಲ. ಚೆಸ್‌ನಲ್ಲಿ ಒಂದು ಸರದಿಗೆ ಸರಾಸರಿ 35 ನಡೆಗಳಿದ್ದರೆ ಇಲ್ಲಿ 80ರ ಆಸುಪಾಸು.

1997ರಲ್ಲಿ ಚೆಸ್‌ನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಯಂತ್ರಕ್ಕೆ ಸೋತರೂ ಶೋಗಿ ಪಟುಗಳು ಇನ್ನೂ 16 ವರ್ಷ ತಡೆದು ನಿಂತದ್ದು ಇದರಿಂದಲೇ. ಮೊದಲೆಲ್ಲ ಯಾವ ಕಾಯಿಗೆ ಎಷ್ಟು ಬೆಲೆ ಎಂಬುದನ್ನು ಪ್ರೋಗ್ರಾಮು ಬರೆಯುವವರೇ ಕೈಯಾರೆ ತುಂಬುತ್ತಿದ್ದರು. ರಸಾಯನ ವಿಜ್ಞಾನಿ ಕುನಿಹಿತೊ ಹೋಕಿ, ವೃತ್ತಿಪರರ ಆಟಗಳ ದಾಖಲೆಯಿಂದ ಆ ಬೆಲೆಗಳನ್ನು ಯಂತ್ರವೇ ಕಲಿಯುವಂತೆ ಮಾಡಿದರು. ಅವರ ‘ಬೊನಾಂಜಾ’ 2006ರಲ್ಲಿ ಕಂಪ್ಯೂಟರ್ ಶೋಗಿಯ ವಿಶ್ವ ಕಿರೀಟ ಗೆದ್ದಿತು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಅದು. 2013ರಲ್ಲಿ ‘ಪೊನಾಂಜಾ’ ಎಂಬ ಪ್ರೋಗ್ರಾಮು ವೃತ್ತಿಪರ ಶಿನಿಚಿ ಸಾತೊ ಅವರನ್ನು ಸೋಲಿಸಿತು. 2017ರಲ್ಲಿ ಶೋಗಿಯ ಪ್ರತಿಷ್ಠಿತ ‘ಮೆಯ್ಜಿನ್’ ಪಟ್ಟದಲ್ಲಿದ್ದ ಅಮಾಹಿಕೊ ಸಾತೊ ಕೂಡ ಅದರೆದುರು ಎರಡಕ್ಕೆ ಎರಡೂ ಆಟ ಸೋತರು.

ಮರುವರ್ಷ ಯು ನಾಸು ಎಂಬವರು ಶೋಗಿಗಾಗಿ, ಹಲಗೆಯಲ್ಲಿ ಯಾರದು ಮೇಲುಗೈ ಎಂದು ಅಂದಾಜಿಸುವ ಪುಟ್ಟದೊಂದು ನರಜಾಲ (ನ್ಯೂರಲ್ ನೆಟ್‌ವರ್ಕ್) ರೂಪಿಸಿದರು. ಒಂದು ನಡೆಗೆ ಬದಲಾಗುವುದು ಒಂದೆರಡು ಕಾಯಿಗಳ ಜಾಗ ಮಾತ್ರ. ಅದಕ್ಕಾಗಿ ಇಡೀ ಹಲಗೆಯ ಲೆಕ್ಕವನ್ನು ಮತ್ತೆ ಹಾಕುವುದೇಕೆ? ದಲಾಲಿ ಅಂಗಡಿಯಿಂದ ಕಡಲೆಯ ಒಂದು ಚೀಲ ಹೊರಬಿದ್ದರೆ ಗುಮಾಸ್ತರು ಗೋದಾಮಿನ ಚೀಲಗಳನ್ನೆಲ್ಲ ಎಣಿಸುತ್ತ ಕೂರುವುದಿಲ್ಲ, ಖಾತೆಯಲ್ಲಿ ಒಂದನ್ನು ಕಳೆಯುತ್ತಾರೆ. ನಾಸು ಅವರ ಜಾಲ ಮಾಡುವುದೂ ಅಷ್ಟೇ. ಆದ್ದರಿಂದ ಅದಕ್ಕೆ ದುಬಾರಿ ಯಂತ್ರ ಬೇಡ, ಸಾಧಾರಣ ಕಂಪ್ಯೂಟರು ಸಾಕು.

2020ರಲ್ಲಿ ಸ್ಟಾಕ್‌ಫಿಶ್ ಆ ಜಾಲವನ್ನು ಚೆಸ್‌ಗೆ ಒಗ್ಗಿಸಿಕೊಂಡಿತು. ಹಿಂದಿನ ಆವೃತ್ತಿಯ ಎದುರು ಎರಡೆರಡು ಆಟಗಳ ಜೋಡಿಯಾಗಿ ಆಡಿಸಿದಾಗ, ಹೊಸದು ಸೋತ ಒಂದು ಜೋಡಿಗೆ ಗೆದ್ದ ಜೋಡಿಗಳು ಹತ್ತು.