ಕನ್ನಡ ಪತ್ತೇದಾರಿ ಸಾಹಿತ್ಯ ಮತ್ತು ವಿಧಿವಿಜ್ಞಾನ

ಕನ್ನಡ ಪತ್ತೇದಾರಿ ಸಾಹಿತ್ಯವು ಅಪರಾಧ, ಅದರ ತನಿಖೆ ಹಾಗೂ ಅಪರಾಧಿಯ ಪತ್ತೆಯನ್ನು ಕಥಾವಸ್ತುವಾಗಿ ಹೊಂದಿರುವ ಜನಪ್ರಿಯ ಗದ್ಯ ಪ್ರಕಾರವಾಗಿದೆ. ಈ ಪ್ರಕಾರದಲ್ಲಿ ಶವಪರೀಕ್ಷೆ, ಬೆರಳಚ್ಚು, ರಕ್ತ, ವಿಷ, ಅಸ್ಥಿ ಮೊದಲಾದ ಭೌತಿಕ ಸಾಕ್ಷ್ಯಗಳ ವೈಜ್ಞಾನಿಕ ಪರಿಶೀಲನೆಯೇ ಕಥೆಯನ್ನು ಮುನ್ನಡೆಸುವ ಕೃತಿಗಳನ್ನು ವಿಧಿವಿಜ್ಞಾನದ ರೋಚಕ ಕಾದಂಬರಿಗಳು ಎಂದು ಗುರುತಿಸಬಹುದು. ಇಂಗ್ಲಿಷಿನಲ್ಲಿ ಇದು ಪ್ರತ್ಯೇಕ ಮಾಲಿಕೆಗಳಾಗಿ ಬೆಳೆದಿದ್ದರೆ, ಕನ್ನಡದಲ್ಲಿ ಪತ್ತೇದಾರಿ, ಸಾಹಸ ಮತ್ತು ಸಾಮಾಜಿಕ ಕಾದಂಬರಿಗಳ ಒಳಗೇ ಹರಡಿಕೊಂಡಿದೆ. ಈ ಲೇಖನವು ಪ್ರಕಾರದ ಬೆಳವಣಿಗೆ, ಓದುಗರ ಅಭಿಪ್ರಾಯಗಳು ಹಾಗೂ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಮಲೆನಾಡಿನ ಪರಿಸರದಲ್ಲಿ ಕಾದಂಬರಿಯ ವಿಜ್ಞಾನಕ್ಕೂ ವಾಸ್ತವಕ್ಕೂ ಇರುವ ಅಂತರವನ್ನು ವಿವರಿಸುತ್ತದೆ.

ಪರಿಭಾಷೆ

'ಪತ್ತೇದಾರ' ಎಂದರೆ ಪತ್ತೆ ಹಚ್ಚುವವನು. ಇಂಗ್ಲಿಷಿನ 'ಫೊರೆನ್ಸಿಕ್ ಸೈನ್ಸ್' ಎಂಬುದಕ್ಕೆ ಕನ್ನಡದಲ್ಲಿ ವಿಧಿವಿಜ್ಞಾನ, ನ್ಯಾಯವಿಜ್ಞಾನ ಎಂಬ ಪದಗಳು ಬಳಕೆಯಲ್ಲಿವೆ. ಇಲ್ಲಿ 'ವಿಧಿ' ಎಂದರೆ ಹಣೆಬರಹವಲ್ಲ, ಕಾನೂನು. ನ್ಯಾಯಾಲಯದ ಮುಂದೆ ನಿಲ್ಲಬಲ್ಲ ಸಾಕ್ಷ್ಯವನ್ನು ವಿಜ್ಞಾನದ ವಿಧಾನದಿಂದ ಒದಗಿಸುವುದು ಇದರ ಉದ್ದೇಶ. ಶವಪರೀಕ್ಷೆಗೆ ಸಂಬಂಧಿಸಿದ ಶಾಖೆಯನ್ನು ನ್ಯಾಯವೈದ್ಯಶಾಸ್ತ್ರ ಎಂದೂ, ವಿಷಗಳ ಅಧ್ಯಯನವನ್ನು ವಿಷವಿಜ್ಞಾನ ಎಂದೂ ಕರೆಯಲಾಗುತ್ತದೆ.

ಜಾಗತಿಕ ಹಿನ್ನೆಲೆ

ಪತ್ತೇದಾರಿ ಕಥೆಗೂ ಪ್ರಯೋಗಾಲಯಕ್ಕೂ ಇರುವ ನಂಟು ಹಳೆಯದು. ಆರ್ಥರ್ ಕಾನನ್ ಡಾಯ್ಲ್ ಅವರು 1887ರಲ್ಲಿ ಪ್ರಕಟಿಸಿದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕೃತಿಯಲ್ಲಿ ಷರ್ಲಾಕ್ ಹೋಮ್ಸ್ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೇ ರಕ್ತದ ಕಲೆಯನ್ನು ಗುರುತಿಸುವ ಹೊಸ ರಾಸಾಯನಿಕ ಪರೀಕ್ಷೆಯ ಸಂಭ್ರಮದಲ್ಲಿ. ಆರ್. ಆಸ್ಟಿನ್ ಫ್ರೀಮನ್ ಅವರು 1907ರಲ್ಲಿ ಬರೆದ 'ದಿ ರೆಡ್ ಥಂಬ್ ಮಾರ್ಕ್' ಕಾದಂಬರಿಯ ನಾಯಕ ಡಾ. ಥಾರ್ನ್‌ಡೈಕ್ ವೈದ್ಯನೂ ವಕೀಲನೂ ಆಗಿದ್ದು, ಬೆರಳಚ್ಚನ್ನು ಕೂಡ ಕೃತಕವಾಗಿ ಸೃಷ್ಟಿಸಬಹುದೆಂದು ತೋರಿಸುತ್ತಾನೆ. ಬೆರಳಚ್ಚಿನ ವರ್ಗೀಕರಣದಲ್ಲಿ ಭಾರತದ ಪಾತ್ರ ಮಹತ್ವದ್ದು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಎಡ್ವರ್ಡ್ ಹೆನ್ರಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿಯನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳು ದುಡಿದಿದ್ದರು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಕಾರ ಹೊಸ ರೂಪ ತಳೆಯಿತು. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಗುರುತಿನ ವಿಧಾನವನ್ನು ಕಂಡುಹಿಡಿದರು. ಪೆಟ್ರೀಷಿಯಾ ಕಾರ್ನ್‌ವೆಲ್ ಅವರ 'ಪೋಸ್ಟ್‌ಮಾರ್ಟೆಮ್' (1990) ಕಾದಂಬರಿಯ ಶವಪರೀಕ್ಷಾ ವೈದ್ಯೆ ಕೇ ಸ್ಕಾರ್ಪೆಟಾ ಹಾಗೂ ಸ್ವತಃ ಮಾನವಾಸ್ಥಿ ತಜ್ಞೆಯಾದ ಕ್ಯಾಥಿ ರೀಕ್ಸ್ ಅವರ 'ದೇಜಾ ಡೆಡ್' (1997) ಕಾದಂಬರಿಯ ಟೆಂಪರೆನ್ಸ್ ಬ್ರೆನನ್ ಪಾತ್ರಗಳು ದೀರ್ಘ ಮಾಲಿಕೆಗಳಿಗೆ ನಾಂದಿ ಹಾಡಿದವು. ಅಲ್ಲಿಂದ ಮುಂದೆ ಪತ್ತೇದಾರನ ಊಹಾಶಕ್ತಿಗಿಂತ ಪ್ರಯೋಗಾಲಯದ ವರದಿ ಮುಖ್ಯವಾಯಿತು.

ಕನ್ನಡದಲ್ಲಿ ಬೆಳವಣಿಗೆ

ಸ್ವಾತಂತ್ರ್ಯೋತ್ತರ ಕಾಲದ ಕನ್ನಡ ಪತ್ತೇದಾರಿ ಸಾಹಿತ್ಯದಲ್ಲಿ ಎನ್. ನರಸಿಂಹಯ್ಯ ಅವರ ಹೆಸರು ಪ್ರಮುಖವಾದುದು. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಅವರು ನೂರಾರು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಮೊದಲಾದ ಅವರ ಪತ್ತೇದಾರರು ಮನೆಮಾತಾದರು. ನರಸಿಂಹಯ್ಯ ಅವರು 2011ರಲ್ಲಿ ನಿಧನರಾದರು. ಕನ್ನಡ ಚಳವಳಿಯ ನಾಯಕರೂ ಹಳದಿ ಕೆಂಪು ಬಣ್ಣದ ಕನ್ನಡ ಬಾವುಟದ ರೂವಾರಿಯೂ ಆದ ಮ. ರಾಮಮೂರ್ತಿ (ನಿಧನ 1967) ಅವರೂ ಇದೇ ಪ್ರಕಾರದಲ್ಲಿ ವಿಪುಲವಾಗಿ ಬರೆದರು. ಈ ಕೃತಿಗಳಲ್ಲಿ ಹಿಂಬಾಲಿಸುವಿಕೆ, ವೇಷ ಮರೆಸುವಿಕೆ, ಗುಪ್ತಮಾರ್ಗ, ಧೈರ್ಯಗಳಿಗೆ ಪ್ರಾಧಾನ್ಯವಿತ್ತು. ಪ್ರಯೋಗಾಲಯಕ್ಕೆ ಸ್ಥಾನ ಕಡಿಮೆ.

ಟಿ. ಕೆ. ರಾಮರಾವ್ ಅವರು ಪೊಲೀಸ್ ತನಿಖೆ ಮತ್ತು ಕೌಟುಂಬಿಕ ಕಥೆಯನ್ನು ಬೆಸೆದು ಬರೆದರು. 1972ರ ಪ್ರಸಿದ್ಧ ಚಲನಚಿತ್ರ 'ಬಂಗಾರದ ಮನುಷ್ಯ' ಅವರ ಕಾದಂಬರಿಯನ್ನು ಆಧರಿಸಿದ್ದು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985) ಏಲಕ್ಕಿ ಬೆಳೆಯ ಕುಸಿತ ಹಾಗೂ ಒಬ್ಬ ವಿಜ್ಞಾನಿಯ ಅನುಮಾನಾಸ್ಪದ ಸಾವಿನ ತನಿಖೆಯಿಂದ ಹೊರಟು, ಮಲೆನಾಡಿನ ಹಳ್ಳಿಯೊಂದರ ಜಾತಿ, ಮತ, ವ್ಯಾಪಾರಗಳ ಜಾಲವನ್ನು ತೆರೆದಿಡುತ್ತದೆ. ಈ ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರ 'ಜುಗಾರಿ ಕ್ರಾಸ್' (1994) ಕೂಡ ಕಾಡು ಮತ್ತು ಕಳ್ಳಸಾಗಣೆಯ ರೋಚಕ ಕಥನ. ಕೃಷಿವಿಜ್ಞಾನಿ ಕೆ. ಎನ್. ಗಣೇಶಯ್ಯ ಅವರು 'ಕರಿಸಿರಿಯಾನ', 'ಕಪಿಲಿಪಿಸಾರ' ಮೊದಲಾದ ಕೃತಿಗಳಲ್ಲಿ ಶಾಸನ, ಶಿಲ್ಪ, ಇತಿಹಾಸಗಳನ್ನೇ ಸುಳಿವುಗಳಾಗಿ ಬಳಸಿದ್ದಾರೆ.

ಓದುಗ ವಲಯ ಮತ್ತು ಉತ್ತರ ಕನ್ನಡ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮೇಲಿನ ಅಡಿಕೆ ತೋಟಗಳ ಸೀಮೆ. ಮನೆಗಳು ಪರಸ್ಪರ ದೂರದಲ್ಲಿದ್ದು, ಮಳೆಗಾಲದಲ್ಲಿ ಸಂಚಾರ ಕಷ್ಟವಾಗುತ್ತಿದ್ದ ಇಂಥ ಪ್ರದೇಶಗಳಲ್ಲಿ ನಿಯತಕಾಲಿಕಗಳು ಓದಿನ ಮುಖ್ಯ ಸಾಧನವಾಗಿದ್ದವು. ಹುಬ್ಬಳ್ಳಿಯಿಂದ 1956ರಲ್ಲಿ ಆರಂಭವಾದ 'ಕಸ್ತೂರಿ' ಮಾಸಪತ್ರಿಕೆಯ ಪುಸ್ತಕ ವಿಭಾಗವು ಅನ್ಯಭಾಷೆಯ ಕೃತಿಗಳ ಸಂಗ್ರಹರೂಪವನ್ನು ಕನ್ನಡಿಗರಿಗೆ ನೀಡಿತು. 1965ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆ ಧಾರಾವಾಹಿಗಳ ಮೂಲಕ ಮುಂದಿನ ಕಂತಿಗಾಗಿ ಕಾಯುವ ಓದುಗರನ್ನು ಬೆಳೆಸಿತು. ಶಿರಸಿ ತಾಲ್ಲೂಕಿನ ಬಕ್ಕೆಮನೆಯವರಾದ ನಾಗೇಶ ಹೆಗಡೆ ಅವರು 'ಸುಧಾ' ಮತ್ತು 'ಪ್ರಜಾವಾಣಿ'ಗಳ ಮೂಲಕ ವಿಜ್ಞಾನವನ್ನು ಸರಳ ಕನ್ನಡದಲ್ಲಿ ತಿಳಿಸಿದರು. ಇಂತಹ ಬರಹಗಳಿಂದ ಕಾದಂಬರಿಯಲ್ಲಿ ಬರುವ ವೈಜ್ಞಾನಿಕ ವಿವರಗಳನ್ನು ಪ್ರಶ್ನಿಸಬಲ್ಲ ಓದುಗ ವರ್ಗವೂ ಸಿದ್ಧವಾಯಿತು. ಇದೇ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ' (1979) ಪತ್ತೇದಾರಿ ಕಾದಂಬರಿಯಲ್ಲ. ಆದರೆ ವಿಚಾರಣೆ, ಸಂಶಯ, ಬೇಟೆಗಳ ಕುತೂಹಲವನ್ನು ಮನುಷ್ಯನ ಅಂತರಂಗದ ಶೋಧಕ್ಕೆ ಬಳಸಿದ ಮುಖ್ಯ ಕೃತಿ.

ಓದುಗರ ಅಭಿಪ್ರಾಯಗಳು

ಪತ್ತೇದಾರಿ ಸಾಹಿತ್ಯದ ಬಗೆಗಿನ ಅಭಿಪ್ರಾಯಗಳು ಮುಖ್ಯವಾಗಿ ಮೂರು ಪ್ರಶ್ನೆಗಳ ಸುತ್ತ ರೂಪುಗೊಂಡಿವೆ.

ಮೊದಲನೆಯದು ಸಾಹಿತ್ಯಿಕ ಮೌಲ್ಯದ ಪ್ರಶ್ನೆ. ಸುಳಿವು, ತಿರುವು, ಪರಿಹಾರ ಎಂಬ ಸಿದ್ಧ ಚೌಕಟ್ಟು, ಆಳವಿಲ್ಲದ ಪಾತ್ರಗಳು ಮತ್ತು ಅವಸರದ ಬರವಣಿಗೆ ಇವು ಸಾಮಾನ್ಯ ಆಕ್ಷೇಪಗಳು. ಹಿಂದೆ ಅನೇಕ ಮನೆಗಳಲ್ಲಿ ಈ ಪುಸ್ತಕಗಳನ್ನು ಮಕ್ಕಳು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಬೇಕಾಗುತ್ತಿತ್ತು. ಇದಕ್ಕೆ ಪ್ರತಿಯಾಗಿ, ಚಿಕ್ಕ ವಾಕ್ಯ, ಸರಳ ಭಾಷೆ ಹಾಗೂ ಕಡಿಮೆ ಬೆಲೆಯ ಈ ಪುಸ್ತಕಗಳೇ ಹೊಸದಾಗಿ ಅಕ್ಷರ ಕಲಿತವರಿಗೆ ಓದಿನ ರುಚಿ ಹತ್ತಿಸಿದವು, ಅಲ್ಲಿಂದ ಅವರು ಇತರ ಸಾಹಿತ್ಯಕ್ಕೆ ನಡೆದರು ಎಂಬ ವಾದವಿದೆ. ಕುತೂಹಲದ ಕಥೆಯೂ ಗಂಭೀರ ಸಾಹಿತ್ಯವಾಗಬಲ್ಲದು ಎಂಬುದಕ್ಕೆ 'ಚಿದಂಬರ ರಹಸ್ಯ' ನಿದರ್ಶನವಾಗಿದೆ.

ಎರಡನೆಯದು ನ್ಯಾಯಯುತವಾದ ಆಟದ ಪ್ರಶ್ನೆ. ಅಪರಾಧಿಯನ್ನು ಗುರುತಿಸಲು ಬೇಕಾದ ಸುಳಿವುಗಳು ಓದುಗನಿಗೂ ಸಿಕ್ಕಿರಬೇಕೆಂಬುದು ಈ ಪ್ರಕಾರದ ಅಲಿಖಿತ ನಿಯಮ. ವಿಧಿವಿಜ್ಞಾನದ ಕಾದಂಬರಿಗಳಲ್ಲಿ ಕೊನೆಯ ಪುಟದ ಪ್ರಯೋಗಾಲಯ ವರದಿಯೇ ಉತ್ತರ ಹೇಳಿಬಿಟ್ಟರೆ ಓದುಗನಿಗೆ ಯೋಚಿಸಲು ಅವಕಾಶ ಉಳಿಯುವುದಿಲ್ಲ. ವಿವರಗಳ ನಿಖರತೆಯನ್ನು ಮೆಚ್ಚುವವರು ಇರುವಂತೆಯೇ, ಶವಪರೀಕ್ಷೆಯ ದೀರ್ಘ ವರ್ಣನೆ ಕಥೆಯ ಓಟಕ್ಕೆ ತಡೆ ಎನ್ನುವವರೂ, ಸತ್ತವರ ಘನತೆಗೆ ಕುಂದು ಎನ್ನುವವರೂ ಇದ್ದಾರೆ.

ಮೂರನೆಯದು ನೆಲದ ಸತ್ಯದ ಪ್ರಶ್ನೆ. ಪರದೇಶದ ಹವಾಮಾನ, ಕಾನೂನು, ಸೌಲಭ್ಯಗಳನ್ನು ಹಾಗೆಯೇ ಕನ್ನಡದ ಊರಿಗೆ ತಂದು ಕೂರಿಸಿದರೆ ಕಥೆ ನಂಬಲರ್ಹವಾಗುವುದಿಲ್ಲ. ಮಲೆನಾಡಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಮಲೆನಾಡಿನ ಪರಿಸರದಲ್ಲಿ ಸಾಕ್ಷ್ಯ

ಸಾವಿನ ಸಮಯವನ್ನು ಅಂದಾಜಿಸಲು ದೇಹದ ಉಷ್ಣತೆ, ಸ್ನಾಯುಗಳ ಸೆಡೆತ, ಕೊಳೆಯುವಿಕೆ ಮತ್ತು ಕೀಟಗಳ ಬೆಳವಣಿಗೆಯನ್ನು ಪರಿಶೀಲಿಸಲಾಗುತ್ತದೆ. ಇವೆಲ್ಲವೂ ಹವೆಯನ್ನು ಅವಲಂಬಿಸಿವೆ. ಉಷ್ಣ ಪ್ರದೇಶದಲ್ಲಿ ಸೆಡೆತ ಬೇಗ ಆರಂಭವಾಗಿ ಬೇಗ ಇಳಿಯುತ್ತದೆ, ಚಳಿಯಲ್ಲಿ ನಿಧಾನ. ಆದ್ದರಿಂದ ಶೀತಪ್ರದೇಶದ ಕಾದಂಬರಿಯ ಲೆಕ್ಕ ಕರ್ನಾಟಕಕ್ಕೆ ಒಪ್ಪುವುದಿಲ್ಲ. ಜರ್ಮನಿಯ ವೈದ್ಯ ಕ್ಯಾಸ್ಪರ್ ಅವರ ಹಳೆಯ ಸೂತ್ರದಂತೆ, ತೆರೆದ ಗಾಳಿಯಲ್ಲಿ ಒಂದು ವಾರದಲ್ಲಿ ಆಗುವ ಕೊಳೆಯುವಿಕೆಗೆ ನೀರಿನಲ್ಲಿ 2 ವಾರ, ಆಳವಾಗಿ ಹೂತಲ್ಲಿ 8 ವಾರ ಬೇಕು. ಇದೂ ಸ್ಥೂಲ ಅಂದಾಜು ಮಾತ್ರ. ಜಡಿಮಳೆಯಲ್ಲಿ ನೊಣಗಳ ಓಡಾಟ ಕುಗ್ಗುವುದರಿಂದ ಕೀಟಗಳ ಆಧಾರದ ಲೆಕ್ಕವೂ ತಪ್ಪಬಹುದು. ಹೆಜ್ಜೆಗುರುತು, ರಕ್ತದ ಕಲೆಗಳು ಮಳೆಗೆ ತೊಳೆದುಹೋಗುತ್ತವೆ. ಆಮ್ಲೀಯ ಮಣ್ಣಿನಲ್ಲಿ ಮೂಳೆಗಳು ಬೇಗ ಸವೆಯುತ್ತವೆ.

ಈ ಸೀಮೆಯಲ್ಲಿ ಹೊಳೆಗಳು ಹೆಚ್ಚು. ಅಘನಾಶಿನಿಯ ಉಗಮ ಶಿರಸಿ ತಾಲ್ಲೂಕಿನಲ್ಲಿದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ ಜಲಪಾತ ಅದೇ ನದಿಯದು. ಯಲ್ಲಾಪುರ ತಾಲ್ಲೂಕಿನ ಮಾಗೋಡು ಜಲಪಾತ ಬೇಡ್ತಿ ನದಿಯದು. ನೀರಿನಲ್ಲಿ ದೊರೆತ ದೇಹದ ವಿಷಯದಲ್ಲಿ ಮೊದಲ ಪ್ರಶ್ನೆ, ಅದು ಮುಳುಗಿ ಬಂದ ಸಾವೇ ಅಥವಾ ಸಾವಿನ ನಂತರ ನೀರು ಸೇರಿದ ದೇಹವೇ ಎಂಬುದು. ಇದಕ್ಕಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಪರೀಕ್ಷೆ ಬಳಕೆಯಲ್ಲಿದೆ. ಜೀವಂತ ವ್ಯಕ್ತಿ ನೀರನ್ನು ಉಸಿರಿಗೆ ಎಳೆದುಕೊಂಡಾಗ ಅವು ರಕ್ತದ ಮೂಲಕ ಅಸ್ಥಿಮಜ್ಜೆಯವರೆಗೆ ತಲುಪಬಹುದು. ಮಜ್ಜೆಯಲ್ಲಿ ಸಿಕ್ಕವುಗಳನ್ನು ಹೊಳೆಯ ನೀರಿನ ಮಾದರಿಯೊಡನೆ ಹೋಲಿಸಲಾಗುತ್ತದೆ. ಆದರೆ ಈ ಪರೀಕ್ಷೆಯೊಂದೇ ಅಂತಿಮವಲ್ಲ.

ವಿಷದ ವಿಷಯದಲ್ಲಿಯೂ ಸ್ಥಳೀಯ ಜ್ಞಾನ ಬೇಕಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುತ್ತಾರೆ. ಮೈಲುತುತ್ತ ದೇಹ ಸೇರಿದರೆ ವಿಷ. ಆದರೆ ತೋಟದಲ್ಲಿ ದುಡಿಯುವವರ ಬಟ್ಟೆ, ಕೈ, ಪಾತ್ರೆಗಳಲ್ಲಿ ಅದರ ಅಂಶ ಸಿಗುವುದು ಸಹಜ. ಪರದೇಶದ ಪತ್ತೇದಾರನಿಗೆ ಮಹತ್ವದ ಸುಳಿವಾಗಿ ಕಾಣುವ ನೀಲಿ ಕಲೆ ಇಲ್ಲಿಯ ಓದುಗನಿಗೆ ಆಷಾಢದ ದಿನನಿತ್ಯದ ಗುರುತು.

ಕಾದಂಬರಿ ಮತ್ತು ನ್ಯಾಯಾಲಯ

ಕಾದಂಬರಿಯಲ್ಲಿ ತಜ್ಞರ ಮಾತೇ ಕೊನೆಯ ಮಾತು, ನ್ಯಾಯಾಲಯದಲ್ಲಿ ಹಾಗಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಮು ತಜ್ಞರ ಅಭಿಪ್ರಾಯಕ್ಕೆ ಅವಕಾಶ ನೀಡಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಅದನ್ನು ಮುಂದುವರಿಸಿದೆ. ಆದರೂ ಅದು ಸಲಹೆಯ ಸ್ವರೂಪದ್ದು. ನ್ಯಾಯಾಧೀಶರು ಇತರ ಸಾಕ್ಷ್ಯಗಳೊಡನೆ ತೂಗಿ ನೋಡುತ್ತಾರೆ.

ಪ್ರತ್ಯಕ್ಷ ಸಾಕ್ಷಿಗಳಿಲ್ಲದ ಪ್ರಕರಣಗಳಿಗೆ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಮಾರ್ಗದರ್ಶಿ. ವಿಷದಿಂದಾದ ಸಾವಿನ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂದರ್ಭ ಸಾಕ್ಷ್ಯದ ಐದು ತತ್ವಗಳನ್ನು ನಿರೂಪಿಸಿ, ಆರೋಪಿಯನ್ನು ಖುಲಾಸೆಗೊಳಿಸಿತು. ಸಾಕ್ಷ್ಯಗಳ ಸರಪಳಿ ಪೂರ್ಣವಾಗಿರಬೇಕು, ಅಪರಾಧವಲ್ಲದೆ ಬೇರೆ ಯಾವ ಊಹೆಗೂ ಅದು ಎಡೆಗೊಡಬಾರದು ಎಂಬುದು ಅವುಗಳ ತಿರುಳು. ಸಂಶಯ ಎಷ್ಟೇ ಬಲವಾಗಿದ್ದರೂ ಅದು ರುಜುವಾತಾಗುವುದಿಲ್ಲ.

ಕಾದಂಬರಿಗಳಲ್ಲಿ ಆಗಾಗ ಕಾಣುವ 'ಸತ್ಯ ಹೇಳಿಸುವ ಮದ್ದು' ಕುರಿತ ತೀರ್ಪು ಕರ್ನಾಟಕಕ್ಕೇ ಸಂಬಂಧಿಸಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ನಕ್ಷೆ ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು ತೀರ್ಪು ನೀಡಿತು. ಒಪ್ಪಿಗೆಯಿಂದ ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ವಿಧಿಸುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳವರೆಗೆ ಕಾಲಾವಕಾಶವಿದೆ. ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದ್ದು, ಪ್ರಾದೇಶಿಕ ಪ್ರಯೋಗಾಲಯಗಳೂ ಇವೆ. ಘಟ್ಟದ ಮೇಲಿನ ಹಳ್ಳಿಯಿಂದ ಮಾದರಿಗಳು ಕೆಡದಂತೆ, ಮೊಹರು ಒಡೆಯದಂತೆ, ಕೈಯಿಂದ ಕೈಗೆ ಸಾಗಿದ ದಾಖಲೆಯೊಡನೆ ಪ್ರಯೋಗಾಲಯ ತಲುಪುವುದು ತನಿಖೆಯ ನಿರ್ಣಾಯಕ ಹಂತ. ರೋಚಕ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಯುವ ಈ ಹಂತದಲ್ಲಿ ಲೋಪವಾದರೆ ಉತ್ತಮ ವರದಿಯೂ ನ್ಯಾಯಾಲಯದಲ್ಲಿ ನಿಲ್ಲದೆ ಹೋಗಬಹುದು; ನಿರಪರಾಧಿ ಸಿಕ್ಕಿಬೀಳುವ, ಅಪರಾಧಿ ತಪ್ಪಿಸಿಕೊಳ್ಳುವ ಸಾಧ್ಯತೆಗಳೆರಡೂ ಇಲ್ಲಿವೆ.

ಚಲನಚಿತ್ರಗಳಲ್ಲಿ

ಕಾಶೀನಾಥ್ ಅವರ 'ಅಪರಿಚಿತ' (1978) ಕನ್ನಡದ ಗಮನಾರ್ಹ ರಹಸ್ಯ ಚಿತ್ರಗಳಲ್ಲೊಂದು. 2019ರಲ್ಲಿ ತೆರೆಕಂಡ ಎರಡು ಚಿತ್ರಗಳು ಪ್ರಕಾರದ ಎರಡು ಮುಖಗಳನ್ನು ತೋರಿಸುತ್ತವೆ. ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ' 1980ರ ದಶಕದ ಹಿನ್ನೆಲೆಯಲ್ಲಿ ಪತ್ತೇದಾರನಾಗುವ ಕನಸಿನ ಯುವಕನ ಕಥೆ. ಹಳೆಯ ಪತ್ತೇದಾರಿ ಕಥೆಗಳಿಗೆ ಸಲ್ಲಿಸಿದ ಹಾಸ್ಯಭರಿತ ಗೌರವ. ಹೇಮಂತ್ ರಾವ್ ನಿರ್ದೇಶನದ 'ಕವಲುದಾರಿ' ನೆಲ ಅಗೆಯುವಾಗ ಸಿಕ್ಕ ಮಾನವ ಅಸ್ಥಿಗಳಿಂದ ಆರಂಭವಾಗಿ, ದಶಕಗಳ ಹಿಂದಿನ ಅಪರಾಧವೊಂದರ ತನಿಖೆಯತ್ತ ಸಾಗುತ್ತದೆ.